ನಾಲಿಗೆಯ ಕೆಳಗಿನ ಮಾತ್ರೆ

ಮಾರ್ಚ್ ೧೨, ಗುರುವಾರ

ದರ್ಜಿಯ ಹೆಂಡತಿಯ ಮಾತು ಇನ್ನೂ ಕಿವಿಯಲ್ಲಿದೆ. "ಎದೆನೋವು ಅಂದ ತಕ್ಷಣ ಮಾತ್ರೆ ಕೊಟ್ಟೆ ಸಿಸ್ಟರ್. ಲೋಟ ತುಂಬ ನೀರು ಕೊಟ್ಟು ನುಂಗಿಸಿದೆ."

ನುಂಗಬಾರದು, ನಾಲಿಗೆಯ ಕೆಳಗಿಡಬೇಕು ಎಂದು ಹೋದ ವಾರ ದರ್ಜಿಯನ್ನು ವಾರ್ಡಿನಿಂದ ಮನೆಗೆ ಕಳಿಸುವಾಗ ಆಕೆಗೆ ಹೇಳಿದ್ದೆ. ತಲೆಯಾಡಿಸಿದ್ದರು. ಅವರ ಬಾಯಿಂದಲೇ ಹೇಳಿಸಬೇಕಿತ್ತು. ಅಷ್ಟರಲ್ಲಿ ಪಕ್ಕದ ಹಾಸಿಗೆಯವನಿಗೆ ಉಸಿರು ಕಟ್ಟಿತು, ಓಡಿದೆ. ಅವನು ಉಳಿದ. ದರ್ಜಿ ಇವತ್ತು ಉಳಿಯಲಿಲ್ಲ.

"ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದು ಆಕೆ ಕೇಳಿದಾಗ, "ಇಲ್ಲಮ್ಮ, ಸರಿಯಾಗೇ ಮಾಡಿದ್ರಿ" ಅಂದುಬಿಟ್ಟೆ.

ಕಣ್ಣೊರೆಸಿಕೊಂಡು, "ಹಾಗಾದ್ರೆ ಅತ್ತೆಗೂ ಹಾಗೇ ಕೊಡ್ತೀನಿ, ಅವರಿಗೂ ಇದೇ ಮಾತ್ರೆ" ಅಂದರು.

ತಿದ್ದಲೇಬೇಕಾಯಿತು. "ನುಂಗಿಸಬೇಡಿ, ನಾಲಿಗೆ ಕೆಳಗಿಡಿ. ಎಲ್ಲಿ, ಹೇಳಿ ನೋಡೋಣ."

"ನಾಲಿಗೆ ಕೆಳಗೆ" ಅಂದವರು ನನ್ನ ಮುಖವನ್ನೇ ನೋಡುತ್ತ ನಿಂತುಬಿಟ್ಟರು.

ನಾನು ಮುಂದಿನ ಹಾಸಿಗೆಗೆ ಹೋಗಿ ಬಿ.ಪಿ. ನೋಡಿದೆ. ಅಳು ಬರಲಿಲ್ಲ. ಈಗಲೂ ಏನೂ ಅನ್ನಿಸುತ್ತಿಲ್ಲ, ನಿದ್ದೆಯೊಂದು ಬಂದರೆ ಸಾಕು.