ಕೆಳಗಿಟ್ಟ ನೀರು

ವಿಮಲಾ ಅಕ್ಕೋರಿಗೆ, ಚಿತ್ತಾಪುರದ ವೀಣಾ ಮಾಡುವ ನಮಸ್ಕಾರ.

ಅಕ್ಷರ ಸೊಟ್ಟಗಿವೆ, ಕಾಗುಣಿತವೂ ತಪ್ಪಿರುತ್ತದೆ, ಸಿಟ್ಟಾಗಬೇಡಿ. ಐದನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಬ್ಲೌಸಿನ ಅಳತೆ ಬರೆದುಕೊಳ್ಳುವುದು ಬಿಟ್ಟರೆ ಪೆನ್ನು ಹಿಡಿಯುವುದೇ ಅಪರೂಪ. ಈ ಹಾಳೆ ಕೂಡ ಅಳತೆ ಪುಸ್ತಕದಿಂದ ಹರಿದದ್ದು. ನಾನು ತಪ್ಪು ಬರೆದಾಗ ನೀವು ಕೆಂಪು ಗೆರೆ ಎಳೆಯುತ್ತಿರಲಿಲ್ಲ. ತಪ್ಪಿದಲ್ಲಿ ಬೆರಳಿಟ್ಟು ಸುಮ್ಮನೆ ಕಾಯುತ್ತಿದ್ದಿರಿ. ಈಗ ಬೆರಳಿಡುವವರು ಯಾರು?

ನೀವು ಮೊದಲ ಸಲ ನಾನು ಕೆಲಸ ಮಾಡುವ ಟೇಲರ್ ಅಂಗಡಿಗೆ ಬಂದದ್ದು ಸೀರೆಗೆ ಫಾಲ್ ಹಚ್ಚಿಸಲು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರು ನೀವೆಂದು ನನಗೆ ಗೊತ್ತಿರಲಿಲ್ಲ. ದಾರದ ಡಬ್ಬಿಯ ಮೇಲಿದ್ದ ಇಂಗ್ಲಿಷ್ ಅಕ್ಷರಗಳನ್ನು ನೋಡಿಕೊಂಡು ಮಷಿನ್ನಿನ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದಿದ್ದೆ. "ಇದನ್ನ ಯಾರು ಬರದಾರ?" ಎಂದಿರಿ. ನಾನು ಹೆದರಿ ಅಂಗೈಯಿಂದ ಅಳಿಸಿಬಿಟ್ಟೆ. "ಅಳಿಸಿದ್ರ ಏನಾತು, ನಾ ಓದೀನಲ್ಲ. ಐತವಾರ ಮಧ್ಯಾಹ್ನ ನಮ್ಮನೀಗಿ ಬಾ," ಎಂದು ಸೀರೆ ಇಟ್ಟು ಹೋದಿರಿ.

ಆ ಭಾನುವಾರಗಳು ನೆನಪಾದರೆ ಈಗಲೂ ನಗು ಬರುತ್ತದೆ. ಬರೆಸುವುದಕ್ಕೆ ಮೊದಲು ನೀವು ಸಾಮಾನು ಕೈಯಿಂದ ಕೈಗೆ ಕೊಟ್ಟು ಕಲಿಸಿದಿರಿ. 'ಗಿವ್ ಇಟ್ ಟು ಮೀ' ಎಂದರೆ ನಾನು ಸೌಟನ್ನು ನಿಮ್ಮ ಕೈಗೆ ಕೊಡಬೇಕು. 'ಟೇಕ್ ಇಟ್ ಫ್ರಮ್ ಮೀ' ಎಂದರೆ ತಿರುಗಿ ತೆಗೆದುಕೊಳ್ಳಬೇಕು. 'ಟು ಹರ್' ಕಲಿಯಲು ಮೂರನೆಯವಳು ಬೇಕಲ್ಲ? ಅದಕ್ಕೆ ನಿಮ್ಮ ಕಿಟಕಿಗೆ ಬರುತ್ತಿದ್ದ ಬೆಕ್ಕೇ ಆಯಿತು. "ನಮ್ಮ ಮಾತಿನ್ಯಾಗ ಕೊಡೋದು ಕಡೀಕ್ ಬರ್ತದ. ಏನು, ಯಾರಿಗೆ, ಎಲ್ಲಾ ವಿಚಾರ ಮಾಡಿ ಆಮ್ಯಾಲ ಕೊಡು ಅಂತೀವಿ. ಇಂಗ್ಲಿಷಿನವರು ಗಡಬಡಿ ಮಂದಿ. ಮೊದ್ಲ ಗಿವ್ ಅಂದ್ಬಿಡ್ತಾರ. ಇಟ್ ಅದರ ಬೆನ್ನಿಗೇ ಅಂಟಿಕೊಂಡು ನಿಲ್ತದ. ಟು ಹರ್ ಹಿಂದಿನಿಂದ ನಡಕೋತ ಬರ್ತದ," ಎಂದು ನೀವು ನಡೆದೇ ತೋರಿಸಿದಿರಿ. ನಾನೊಮ್ಮೆ 'ಎಕ್ಸ್‌ಪ್ಲೇನ್ ಮೀ' ಎಂದುಬಿಟ್ಟೆ. "ಹಂಗಂದ್ರ ನಿನ್ನನ್ನೇ ಬಿಡಿಸಿ ಹೇಳಬೇಕಾಗ್ತದ. ಬಾಯೇ ಬಿಡದಾಕಿನ್ನ ನಾ ಹ್ಯಾಂಗ್ ಬಿಡಿಸ್ಲಿ? 'ಎಕ್ಸ್‌ಪ್ಲೇನ್ ಇಟ್ ಟು ಮೀ' ಅನ್ನು," ಎಂದು ನಕ್ಕಿರಿ.

ಪಾಠ ಮುಗಿದ ಮೇಲೆ ನೀವು ಗಡಿಗೆಯಿಂದ ನೀರು ಮೊಗೆದು ನನ್ನ ಕೈಗೆ ಕೊಡುತ್ತಿದ್ದಿರಿ, ನಾನು ಕುಡಿಯುತ್ತಿದ್ದೆ. ನಮ್ಮಪ್ಪ ಗುಡಿಯ ಅರ್ಚಕರು. ನಮ್ಮ ಮನೆಯಲ್ಲಿ ನಿಮ್ಮ ಜಾತಿಯವರಿಗೆ ನೀರನ್ನು ಕೈಗೆ ಕೊಡುವುದಿಲ್ಲ, ಕೆಳಗೆ ಇಡುತ್ತಾರೆ. ನಿಮ್ಮ ಗೋಡೆಯ ಮೇಲಿನ ಬುದ್ಧನ ಪಟ ನೋಡಿದ ಮೊದಲ ದಿನವೇ ನೀವು ಯಾವ ಜಾತಿಯವರೆಂದು ನನಗೆ ತಿಳಿದಿತ್ತು. ತಿಳಿದೂ ಕುಡಿದೆನಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು. ಮನೆಯಲ್ಲಿ ಮಾತ್ರ ಹೇಳಲಿಲ್ಲ. ಯಾರೂ ನೋಡದಲ್ಲಿ ಕುಡಿದದ್ದು ಅದೆಂಥ ದೊಡ್ಡಸ್ತಿಕೆ ಅಕ್ಕೋರ?

ನೀವು ನಮ್ಮ ಮನೆಗೆ ಬಂದ ದಿನದ ಬಗ್ಗೆ ಬರೆಯಲು ಕುಳಿತೇ ಎಷ್ಟು ಹೊತ್ತಾಯಿತೋ... ನಾನು ಖಾಸಗಿಯಾಗಿ ಹತ್ತನೇ ಪರೀಕ್ಷೆಗೆ ಕೂರಬೇಕೆಂದು ನೀವೇ ಅರ್ಜಿ ತಂದಿದ್ದಿರಿ. ಅದಕ್ಕೆ ಅಪ್ಪನ ಸಹಿ ಬೇಕಿತ್ತು. "ಬರ್ರಿ ಅಕ್ಕೋರ, ಕುಂದ್ರಿ," ಎಂದು ಅಪ್ಪ ಪಡಸಾಲೆಯಲ್ಲಿ ಚಾಪೆ ಹಾಸಿದರು. "ವೀಣಾ, ನೀರು ತಾ," ಎಂದರು. ಅಷ್ಟೇ ಅಂದದ್ದು. ಕೆಳಗೆ ಇಡು ಎಂದು ಯಾರೂ ಹೇಳಲಿಲ್ಲ. ಅಜ್ಜಿ ಒಳಗಿನಿಂದ ಒಂದು ಸಲ ಕೆಮ್ಮಿದರು. ಅದು ಬರೀ ಕೆಮ್ಮೇ ಇರಬಹುದು. ನೀವು ಕೈ ಚಾಚಿದ್ದಿರಿ. ನಾನು ಆ ಕೈಯ ಪಕ್ಕದಲ್ಲೇ ಬಾಗಿ ಲೋಟವನ್ನು ನೆಲದ ಮೇಲೆ ಇಟ್ಟೆ.

ಚಾಚಿದ ಕೈಯನ್ನು ನೀವು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಿರಿ. ಆಮೇಲೆ ನನ್ನ ಮುಖ ನೋಡಿ, ಭಾನುವಾರದ ಅದೇ ದನಿಯಲ್ಲಿ, "ಪುಟ್ ಇಟ್ ಆನ್ ದ ಫ್ಲೋರ್. ಬರೋಬರಿ ಮಾಡಿದಿ," ಎಂದಿರಿ. "ಏನಂದ್ರಿ?" ಎಂದು ಅಪ್ಪ ಕೇಳಿದರು. "ಏನಿಲ್ರಿ, ನಿಮ್ಮ ಹುಡುಗಿ ಪಾಠ ಛಲೋ ಕಲ್ತಾಳ ಅಂದೆ." ನೀವು ಎದ್ದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು. ಹೋಗಲಿಲ್ಲ. ನನ್ನ ಸಲುವಾಗಿ ಬಹಳ ಹೊತ್ತು ಅಪ್ಪನ ಜೊತೆ ಮಾತಾಡಿದಿರಿ. "ಈಕಿ ಭಾಳ ಶಾಣ್ಯಾಕಿ ಅದಾಳ್ರಿ, ಮನ್ಯಾಗ ಕೂಡಿಸಬ್ಯಾಡ್ರಿ," ಎಂದಿರಿ. ನೀರು ಮಾತ್ರ ಮುಟ್ಟಲಿಲ್ಲ.

ಆ ಸಂಜೆ ಏನಾಯಿತೆಂದು ನಿಮಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅಪ್ಪ ಅರ್ಜಿಗೆ ಸಹಿ ಹಾಕಿದರು. ಹೌದು ಅಕ್ಕೋರ, ಹಾಕಿದರು. "ಅಷ್ಟು ಬಾಯಿ ಬಿಟ್ಟು ಕೇಳ್ಯಾರ, ಹೋಗಿ ಕೊಟ್ಟು ಬಾ," ಎಂದರು. ನಾನು ನಿಮ್ಮ ಓಣಿಯ ತಿರುವಿನವರೆಗೆ ಬಂದು ಮರಳಿದೆ. ಮರುದಿನವೂ ಅಷ್ಟೇ. ಯಾವ ಮುಖ ಹೊತ್ತು ಬಾಗಿಲು ಬಡಿಯಲಿ? ಅರ್ಜಿ ಕೊಡುವ ಕಡೆಯ ದಿನ ದಾಟಿತು. ಅಪ್ಪ ವಿಚಾರಿಸಿದಾಗ, "ಅಕ್ಕೋರಿಗೆ ಪುರಸೊತ್ತಿಲ್ಲಂತ," ಎಂದು ನಿಮ್ಮ ಮೇಲೆಯೇ ಹಾಕಿದೆ. ಭಾನುವಾರಗಳೂ ನಿಂತವು. ಅಪ್ಪ ಒಪ್ಪಲಿಲ್ಲ ಎಂದೇ ನೀವು ತಿಳಿದುಕೊಂಡಿರಿ. ಒಪ್ಪದೆ ಕೂತವಳು ನಾನು.

ವಾಡಿ ಸ್ಟೇಷನ್ನಿನಲ್ಲಿ ನಿಮ್ಮನ್ನು ಕಂಡದ್ದೇ ಕಡೆಯ ಸಲ. ಆಗ ನಿಮಗೆ ಚಿಂಚೋಳಿ ಕಡೆ, ಚಿಮ್ಮನಚೋಡಕ್ಕೆ ವರ್ಗವಾಗಿತ್ತು. "ವೀಣಾ," ಎಂದು ಕರೆದಿರಿ. ನಾನು ಕೇಳಿಸದವಳ ಹಾಗೆ ಮೇಲ್ಸೇತುವೆಯ ಮೆಟ್ಟಿಲು ಹತ್ತಿದೆ. ಎರಡನೇ ಸಲ ಕರೆಯುತ್ತೀರೇನೋ ಎಂದು ಮೇಲೆ ನಿಂತೆ. ನೀವು ಕರೆಯಲಿಲ್ಲ. ಹೋದ ತಿಂಗಳು ನಿಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂಗಡಿಗೆ ಬಂದು, ನೀವು ಕಾಮಾಲೆಯಾಗಿ ತೀರಿಕೊಂಡಿರೆಂದು ಹೇಳಿದಳು. ನಾನು ಹೊಲಿಗೆ ನಿಲ್ಲಿಸಲಿಲ್ಲ. ಕೈ ನಿಂತರೆ ಕಾರಣ ಕೇಳುತ್ತಾರಲ್ಲ...

ನಿನ್ನೆ ಶಹಾಬಾದಕ್ಕೆ ಹೋಗಿ, ಅಲ್ಲಿಂದ ಭಂಕೂರಿಗೆ ನಿಮ್ಮ ಅವ್ವನ ಹತ್ತಿರ ಹೋಗಿದ್ದೆ. "ಯಾರವ್ವ ನೀ?" ಎಂದರು. ಹೆಸರು, ಊರು ಹೇಳಿದೆ. "ಗುಡಿ ಪೂಜಾರ್ರ ಮಗಳಾ? ನಮ್ ವಿಮಲಾ ಹೇಳ್ತಿದ್ಳು. ಹುಡುಗಿ ಭಾಳ ಶಾಣ್ಯಾ, ಅವರಪ್ಪ ಒಪ್ಪಲಿಲ್ಲ ಅಂತ." ಅಷ್ಟೇ ಹೇಳಿದ್ದಿರಾ ಅಕ್ಕೋರ? ನೀರಿನ ಮಾತು ಹೆತ್ತ ತಾಯಿಗೂ ಹೇಳಲಿಲ್ಲವೇ? ನಾನೇ ಹೇಳಿದೆ. ಲೋಟ, ಅರ್ಜಿ, ವಾಡಿ, ಎಲ್ಲ ಹೇಳಿದೆ. ನಿಮ್ಮ ಅವ್ವ, "ನಮ್ಮನ್ಯಾಗ ಉಣ್ತೀಯೇನು?" ಎಂದು ಕೇಳಿದರು. ಉಣ್ಣುತ್ತೇನೆ ಎಂದೆ. ರೊಟ್ಟಿ, ಪುಂಡಿ ಪಲ್ಯ ಬಡಿಸಿದರು. ಎರಡು ತುತ್ತು ಆದ ಮೇಲೆ ಮತ್ತೆ ಕೇಳಿದರು: "ಮನೀಗಿ ಹೋಗಿ ಹೇಳ್ತೀಯೇನು? ಉಣ್ಣೋದು ಸಸಾರ ಅದ ತಂಗಿ, ಹೇಳೋದು ಕಠಿಣ." ತಲೆ ತಗ್ಗಿಸಿ ಉಂಡು ಮುಗಿಸಿದೆ.

ಇವತ್ತು ಬೆಳಿಗ್ಗೆ ಅಪ್ಪ ಪೂಜೆ ಮುಗಿಸಿ ಗುಡಿಯಿಂದ ಬಂದಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. "ಅಪ್ಪಾ, ನಿನ್ನೆ ಭಂಕೂರಿಗೆ ಹೋಗಿದ್ದೆ. ವಿಮಲಾ ಅಕ್ಕೋರ ಮನ್ಯಾಗ ಊಟ ಮಾಡೀನಿ," ಎಂದೆ. ಮಾತು ಪೂರ್ತಿ ಹೊರಗೆ ಬಂತು. ಅಪ್ಪ ನನ್ನನ್ನು ನೋಡಲಿಲ್ಲ. "ಸ್ನಾನ ಮಾಡಿ ಒಳಗ ಹೋಗು," ಎಂದರು.

"ಸ್ನಾನ ಆಗ್ಯಾದ ಅಪ್ಪಾ."

"ಇನ್ನೊಮ್ಮೆ ಮಾಡು."

"ಮಾಡೂದಿಲ್ಲ."

ಅಪ್ಪನಿಗೆ ನಾನು ಹಾಗೆ ಹೇಳಿದ್ದು ಇದೇ ಮೊದಲು. ಹಾಗೆಯೇ ಒಳಗೆ ಹೋಗಿ ಒಲೆ ಹಚ್ಚಿ ಮೂವರಿಗೂ ಚಹಾ ಮಾಡಿದೆ. ಅಜ್ಜಿಗೆ ಎಲ್ಲ ಕೇಳಿಸಿತ್ತು. ಕುಡಿದು, "ಸಕ್ರಿ ಕಮ್ಮಿ ಆಗ್ಯಾದ," ಎಂದರು. ಅಪ್ಪನ ಮುಂದೆ ಇಟ್ಟ ಚಹಾ ಇನ್ನೂ ಹಾಗೇ ಇದೆ. ಆರಿದೆ, ಮತ್ತೆ ಕಾಯಿಸಿ ಕೊಡುತ್ತೇನೆ. ಇಲ್ಲೇ, ಅವರ ಎದುರಿಗೇ ಕುಳಿತು ನಿಮಗೆ ಬರೆಯುತ್ತಿದ್ದೇನೆ.