ಕಸ ಹೊಡೆಯದ ಮನೆ

ಅಥಣಿ ರಸ್ತೆ, ವಿಜಯಪುರ

ಸಂಗಣ್ಣಾ,

ಫೋನಿನಲ್ಲಿ ಹೇಳಿದರೆ ಮನೆಯಲ್ಲಿರುವವರಿಗೆ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕಲಬುರಗಿಯಿಂದ ಬೆಳಗಾವಿಗೆ ಬಸ್ಸಿನಲ್ಲಿ ದಿನವೆಲ್ಲ ಸವೆಯುವುದೇಕೆ, ವಿಮಾನಕ್ಕೆ ಮುಕ್ಕಾಲು ಗಂಟೆ ಸಾಕು ಎಂದು ಅಲ್ಲಿ ನಿನ್ನ ಮನೆಗೆ ಬಂದಿದ್ದ ನಮ್ಮ ಮನೆಯವರನ್ನು ಹತ್ತಿಸಿದವನು ನೀನೇ.

ಹೋದವರು ಮುಟ್ಟಿದ ಸುದ್ದಿ ಬರುವ ತನಕ ಕಸ ಹೊಡೆದರೆ ಅವರು ತಿರುಗಿ ಬರುವುದಿಲ್ಲ ಎಂದು ಅತ್ತೆ ನಂಬುತ್ತಾರೆ. ಮುಟ್ಟಿದೆನೆಂಬ ಫೋನ್ ಬರಲಿಲ್ಲ. ಮರುದಿನ ಅವರೇ ಮನೆಗೆ ಬಂದರು. ನಾನು ಕಸಬರಿಗೆ ತೆಗೆದುಕೊಂಡೆ. ಅತ್ತೆ ಮಗನ ಮುಖ ನೋಡಿ ನನ್ನ ಕೈ ಹಿಡಿದರು.

"ಯವ್ವಾ, ನಮ್ಮ ಅರುಣ ಇನ್ನಾ ಮುಟ್ಟಿಲ್ಲ."

ಅತ್ತೆಗೆ ವಯಸ್ಸಾಯಿತು ಎಂದುಕೊಂಡೆ. ಅಂದು ಸಂಜೆ ಅವರದೇ ನಂಬರಿನಿಂದ ಫೋನ್ ಬಂತು. ಅವರ ಫೋನು ಗೂಟದ ಮೇಲಿನ ಅಂಗಿಯ ಕಿಸೆಯಲ್ಲಿತ್ತು. ಅವರು ನನ್ನೆದುರೇ ರೊಟ್ಟಿ ಉಣ್ಣುತ್ತಿದ್ದರು.

"ಶೈಲಾ, ಕೆಳಗ ಬಬಲೇಶ್ವರ ಕಾಣಾಕತ್ತೈತಿ. ಇನ್ನೇನ ಇಳೀತೀವಿ, ಅಲ್ಲೀತನಕ ಕಸಾ ಹೊಡೀಬ್ಯಾಡ."

ದಿನಾಲೂ ಅದೇ ಹೊತ್ತಿಗೆ ಅದೇ ಮಾತು.

ಮನೆಗೆ ಬಂದವರು ಕೆಟ್ಟವರಲ್ಲ, ಮೊದಲಿಗಿಂತ ಮೆತ್ತಗೆ ಮಾತಾಡುತ್ತಾರೆ. ಆದರೆ ನೆಲದ ಧೂಳಿನಲ್ಲಿ ನನ್ನ ಹೆಜ್ಜೆ, ಅತ್ತೆಯ ಹೆಜ್ಜೆ ಮಾತ್ರ ಮೂಡಿವೆ. ನಿನ್ನೆಯಿಂದ ಅವರದು ಒಂದೇ ರಾಗ: "ನಾ ಬಂದೇನಲ್ಲ, ಇನ್ನ ಕಸಾ ಹೊಡಿ."

ನೀನು ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿರುವವನು. ಬೆಳಗಾವಿಯಲ್ಲಿ ಅವರು ಇಳಿದರೋ ಇಲ್ಲವೋ ವಿಚಾರಿಸಿ ನೀನೇ ಬಂದು ಹೇಳು. ತಡ ಮಾಡಬೇಡ. ಇದನ್ನು ಬರೆಯುತ್ತಿರುವಾಗ ಪಡಸಾಲೆಯಲ್ಲಿ ಕಸಬರಿಗೆಯ ಸದ್ದು ಕೇಳುತ್ತಿದೆ. ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದಾರೆ.

ನಿನ್ನ ತಂಗಿ,
ಶೈಲಾ