ಮೊದಲನೆಯ ರೋಗಿ ಬರೆದದ್ದು

ಸಾಗರ
೨೪-೧೦-೧೯೬೬

ಪ್ರೀತಿಯ ತಮ್ಮ ವಾಸಪ್ಪನಿಗೆ ಅಕ್ಕ ವರದಮ್ಮನ ಆಶೀರ್ವಾದಗಳು.

ಇಲ್ಲಿ ನಾನು, ಸರೋಜ, ಅವ್ವ ಮೂವರೂ ಕ್ಷೇಮ. ನಿನ್ನ ಆರೋಗ್ಯ ಹೇಗಿದೆ? ಮದ್ರಾಸಿನ ಉಪ್ಪುನೀರಿಗೆ ಕೂದಲು ಉದುರುತ್ತಿದೆ ಎಂದು ಬರೆದಿದ್ದೆಯಲ್ಲ. ಆಸ್ಪತ್ರೆಯಲ್ಲಿ ಕಂಡವರ ಮಿದುಳನ್ನೆಲ್ಲ ಪರೀಕ್ಷೆ ಮಾಡುವವನು ನಿನ್ನ ತಲೆಗೊಂದಿಷ್ಟು ಎಣ್ಣೆ ಹಚ್ಚಿಕೊಳ್ಳಬಾರದೇ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅವ್ವನಿಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ.

ನಿನ್ನ ಲೇಖನ ಬೇಕೆಂದು ಹೊರದೇಶದವರ ಕಾರ್ಡುಗಳು ಈಗಲೂ ಬರುತ್ತಿವೆ. ಮದ್ರಾಸಿನಲ್ಲಿ ಪದೇ ಪದೇ ಮನೆ ಬದಲಾಯಿಸುತ್ತೇನೆ, ವಿಳಾಸ ಸಾಗರದ್ದೇ ಇರಲಿ ಎಂದು ಅಚ್ಚಾದ ಪ್ರತಿಗಳ ಕಟ್ಟನ್ನು ನೀನು ಇಲ್ಲೇ ಇಟ್ಟು ಹೋದೆ. ಮೂರು ವರ್ಷದಿಂದ ನಾನೇ ಅವನ್ನು ಲಕೋಟೆಗೆ ಹಾಕಿ, ಅಂಟು ಹಚ್ಚಿ, ಅಂಚೆಗೆ ಕೊಟ್ಟು ಬರುತ್ತಿದ್ದೇನೆ. ವಿಳಾಸ ಬರೆಯುವುದು ಮಾತ್ರ ಸರೋಜ. ಪೋಸ್ಟ್ ಮಾಸ್ಟರ್ ಮುಕುಂದಯ್ಯನವರು "ವರದಮ್ಮ, ನಿಮ್ಮ ತಮ್ಮ ಜರ್ಮನಿಯೋರಿಗೂ ಬೇಕಾದ್ರಲ್ಲ" ಎಂದಾಗ ನಾನು ಉಬ್ಬಿಹೋಗಿದ್ದೆ. ಬೇರೆ ದೇಶದ ಡಾಕ್ಟರುಗಳು ತಮ್ಮ ಲೇಖನಗಳಲ್ಲಿ ನಿನ್ನ ಹೆಸರು ಹೇಳುತ್ತಿದ್ದಾರೆಂದು ನೀನು ಬರೆದಾಗ ಕೇರಿಯವರಿಗೆಲ್ಲ ಹೇಳಿಕೊಂಡು ಬಂದೆ. ಒಳಗೇನಿದೆ ಎಂದು ಕೇಳಲಿಲ್ಲ. ಇಂಗ್ಲಿಷು ನನಗೆಲ್ಲಿ ಬರಬೇಕು.

ಈಗ ಗೊತ್ತಾಯಿತು. ಹೋದ ತಿಂಗಳು ಸರೋಜಳಿಗೂ ಬಚ್ಚಲಲ್ಲಿ ನನ್ನ ಹಾಗೇ ಕಣ್ಣು ಮೇಲಾಗಿ ಕೈಕಾಲು ಸೆಟೆದುಕೊಂಡವು ಎಂದು ನಾನು ಹೆದರಿ ನಿನಗೆ ಕಾಗದ ಹಾಕಿದೆನಲ್ಲ. ದೀಪಾವಳಿಗೆ ಬರುತ್ತೇನೆ, ಅಲ್ಲಿಯವರೆಗೆ ಯಾವ ಮದ್ದೂ ಮಾಡಬೇಡಿ, ಕ್ಯಾಮೆರಾ ಇರುವ ಸ್ನೇಹಿತರೊಬ್ಬರೂ ಬರುತ್ತಾರೆ, ತಾಯಿ ಮಗಳು ಇಬ್ಬರದೂ ಸೇರಿದರೆ ಹಿಂದಿನದಕ್ಕಿಂತ ದೊಡ್ಡ ಲೇಖನವಾಗುತ್ತದೆ ಎಂದು ನೀನು ಉತ್ತರ ಬರೆದೆ. ಹಿಂದಿನದು ಎಂದರೆ ಯಾವುದು ಎಂದು ಸರೋಜಳಿಗೆ ಅನುಮಾನ ಬಂತು. ಪಿ.ಯು.ಸಿ. ಓದುವವಳು, ಕಟ್ಟಿನಿಂದ ಒಂದು ಪ್ರತಿ ತೆಗೆದು ನಿಘಂಟು ಹಿಡಿದು ಕೂತಳು. ಸಂಜೆ ನನಗೆ ಕನ್ನಡದಲ್ಲಿ ಓದಿ ಹೇಳಿದಳು. ಮೊದಲನೆಯ ರೋಗಿ, ಮೂವತ್ತೈದು ವರ್ಷ, ಅಕ್ಷರ ಬಾರದ ಹಳ್ಳಿ ಹೆಂಗಸು, ಗಂಡ ಬಿಟ್ಟವಳು. ತಲೆಗೆ ಬಿಸಿನೀರು ಬಿದ್ದರೆ ಫಿಟ್ಸ್ ಬರುತ್ತದೆ. ನಿನಗೆ ಅ ಆ ಇ ಈ ತಿದ್ದಿಸಿದವಳು ಯಾರು ಮಾರಾಯ? ನಿನ್ನ ಹೆಸರು ಎಲ್ಲೆಲ್ಲಿ ಹೇಳುತ್ತಾರೋ ಅಲ್ಲೆಲ್ಲ ನನ್ನ ಒದ್ದಾಟವೂ ಇದೆ, ಹೆಸರಿಲ್ಲದೆ. ಅದನ್ನು ದೇಶ ದೇಶಕ್ಕೆ ಕಳಿಸಿದವಳೂ ನಾನೇ.

ಲೇಖನಕ್ಕೆ ಮುಂಚಿನ ಆ ದೀಪಾವಳಿ ನೆನಪಿದೆಯೇ? ನೀರು ತುಂಬಿದ ಮಾರನೆಯ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಲ್ಲಿ ಕೂತಿದ್ದೆ. ಹೆಂಗಸರು ಮೀಯುವಲ್ಲಿ ಗಂಡಸರಿಗೇನು ಕೆಲಸ ಎಂದು ಅವ್ವ ಗದರಿದರೆ, "ಅಕ್ಕ ನನ್ನ ಎತ್ತಾಡ್ಸಿದೋಳು, ನಾನೇ ನೀರು ಹಾಕ್ತೀನಿ ಬಿಡವ್ವ" ಎಂದು ನೀನು ಚೊಂಬು ಕಿತ್ತುಕೊಂಡೆ. ನಾನು ಹೆದರಿದರೆ "ನಾನಿದ್ದೀನಲ್ಲ" ಎಂದು ಸಮಾಧಾನ ಹೇಳಿದೆ. ಮೈಮೇಲೆ ಏನೋ ಬರುತ್ತದೆಂದು ಗಂಡನ ಮನೆಯವರು ತವರಿಗೆ ಅಟ್ಟಿದವಳಿಗೆ ತಮ್ಮನಾದರೂ ಇದ್ದಾನೆಂದು ನನ್ನ ಕಣ್ಣು ತುಂಬಿ ಬಂದಿತ್ತು. ಬಿಸಿನೀರು ತಲೆಗೆ ಬಿದ್ದದ್ದಷ್ಟೇ ಗೊತ್ತು, ಎಚ್ಚರವಾದಾಗ ನೀನು ಕೈಗಡಿಯಾರ ನೋಡುತ್ತಿದ್ದೆ. ಎಲ್ಲಿಗೋ ಹೊರಡಲು ಹೊತ್ತಾಯಿತೇನೋ ಎಂದುಕೊಂಡೆ. ನಾನು ಎಷ್ಟು ಹೊತ್ತು ಒದ್ದಾಡಿದೆ ಎಂಬುದು ಲೇಖನದಲ್ಲಿ ಅಚ್ಚಾಗಿದೆ.

ಮಾರನೆಯ ದಿನ ನೀನು ಉಗುರುಬೆಚ್ಚಗಿನ ನೀರು ಹಾಕಿ ನೋಡಿದೆ, ನನಗೇನೂ ಆಗಲಿಲ್ಲ. ಸಿಗಂದೂರಿಗೆ ಹೇಳಿಕೊಂಡ ಹರಕೆ ಫಲಿಸಿತೆಂದು ಅವ್ವ ಹೋಗಿ ಸೀರೆ ಒಪ್ಪಿಸಿ ಬಂದಳು. ನೀನು ಬಾಯಿ ಬಿಡಲಿಲ್ಲ. ಆಮೇಲೆ ಮತ್ತೆ ಬಿಸಿನೀರು, ಮತ್ತೆ ಅದೇ ಗತಿ. ಹರಕೆಯಲ್ಲಿ ಏನು ಲೋಪವಾಯಿತೋ ಎಂದು ಅವ್ವ ಕೊರಗಿದಳು. ನೀರಿನ ಬಿಸಿ ಕಡಿಮೆ ಮಾಡಿದರೆ ಫಿಟ್ಸ್ ಬರುವುದಿಲ್ಲ ಎಂದು ನೀನು ಜಗತ್ತಿಗೆಲ್ಲ ಬರೆದೆ, ಮನೆಯವರಿಗೆ ಹೇಳಲಿಲ್ಲ. ಲೇಖನ ಬಂದ ಮರುವರ್ಷ ಸರೋಜಳ ಅಪ್ಪ ಕೋಣಂದೂರಿನಿಂದ ಬಂದು, "ವಾಸಿಯಾಗಿದ್ರೆ ಕರ್ಕೊಂಡ್ ಹೋಗ್ತೀನಿ" ಎಂದು ಜಗಲಿಯಲ್ಲಿ ಕೂತಿದ್ದರು. ಏನು ಹೇಳಲಿ ಎಂದು ಕಾಗದ ಹಾಕಿ ನಿನ್ನನ್ನು ಕೇಳಿದರೆ, ಇನ್ನೂ ತಿಳಿಯುತ್ತಿಲ್ಲ, ನೋಡೋಣ ಎಂದು ನೀನು ಬರೆದೆ. ಅವರು ಬೇರೆ ಮದುವೆಯಾದರು. ವಾಸಿಯಾದವಳು ಇನ್ನೊಂದು ಲೇಖನಕ್ಕೆ ಸಿಗುವುದಿಲ್ಲವೆಂದು ಸುಮ್ಮನಿದ್ದೆಯಾ? ನನಗೆ ಮೋಸ ಮಾಡಿದೆ ವಾಸಪ್ಪ. ಯಾರೋ ಹೊರಗಿನ ಡಾಕ್ಟರು ಮಾಡಿದ್ದರೆ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ.

ಅವ್ವನಿಗೆ ಇದನ್ನು ಹೇಳಿಲ್ಲ. ನಿನ್ನ ಹೆಸರೆತ್ತಿದರೆ ಅವಳ ಮುಖ ಅರಳುತ್ತದೆ, ಅದನ್ನೇಕೆ ಕೆಡಿಸಲಿ. ದೇವರು ನಿನಗೆ ಒಳ್ಳೆಯದು ಮಾಡಲಿ. ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ, ಆದರೂ ಬರೆಯುತ್ತಿದ್ದೇನೆ.

ನಿನ್ನ ಅಕ್ಕ,
ವರದಮ್ಮ

ತಾ.ಕ.: ಅಂಚೆಗೆ ಹೊತ್ತಾಯಿತು. ನಿನ್ನೆ ನಾನೇ ಸರೋಜಳ ತಲೆಗೆ ಉಗುರುಬೆಚ್ಚಗಿನ ನೀರು ಹಾಕಿ ಮೀಯಿಸಿದೆ. ಏನೂ ಆಗಲಿಲ್ಲ. ಆಮೇಲೆ ಅವಳು ನನಗೆ ಹಾಕಿದಳು. ನೀನು ಬರೆದದ್ದು ಸರಿಯಾಗಿಯೇ ಇದೆ. ಹಬ್ಬಕ್ಕೆ ಬರಬೇಡ.